ಆರದ ಕಾಫಿ ಬೀಜ

"ಟೀಚರ್, ನನ್ನ ಬೀಜ ಯಾರೋ ಹಾಳು ಮಾಡಿದ್ದಾರೆ!"

ಕೆಳಮನೆಯ ಸೊಸೆ ನಮ್ಮ ಬಾಗಿಲಲ್ಲಿ ನಿಂತು ಹೀಗೆ ಕೂಗಿದಾಗ ಅಕ್ಕ ಕನ್ನಡಕ ಒರೆಸುತ್ತಿದ್ದಳು. ಮೂವತ್ತು ವರ್ಷ ಶಾಲೆಯ ಪ್ರಯೋಗಾಲಯದಲ್ಲಿ ಮಕ್ಕಳ ಕಳ್ಳಾಟ ಹಿಡಿದವಳು ಅವಳು. ನಿವೃತ್ತಿಯಾದ ಮೇಲೆ ನಮ್ಮ ಕಟ್ಟಡದಲ್ಲಿ ಏನು ಕಳೆದರೂ, ಏನು ಕೆಟ್ಟರೂ ಅವಳೇ ಗತಿ. ಅವಳ ಹಿಂದೆ ಹೋಗಿ, ನಡುವೆ ಬಾಯಿ ಹಾಕಿ ಬೈಸಿಕೊಳ್ಳುವುದು ತಂಗಿಯಾದ ನನ್ನ ಕೆಲಸ.

ಮರುದಿನ ಬೆಳಿಗ್ಗೆ ಕಾಫಿ ಅಂಗಡಿಯ ಯಜಮಾನ ಸೊಸೆ ಹುರಿದ ಬೀಜದ ರುಚಿ ನೋಡಲು ಬರುವವನಿದ್ದ. ಒಪ್ಪಿದರೆ ವಾರಾವಾರ ಹುರಿದುಕೊಡುವ ಕೆಲಸ. ಮದುವೆಯಾಗಿ ಆರು ವರ್ಷಕ್ಕೆ 'ಇದು ನನ್ನದು' ಎನ್ನಲು ಅವಳಿಗೆ ಸಿಗಲಿದ್ದ ಮೊದಲ ಕೆಲಸ ಅದು.

"ಹದವಾಗಿ ಹುರಿದು, ಜರಡೀಲಿ ಹರಡಿ, ಫ್ಯಾನ್ ಮುಂದೆ ಇಟ್ಟೆ. ಫೋನ್ ಬಂತು, ಮೆಟ್ಟಿಲ ಹತ್ರ ಹೋದೆ. ಕಾಲು ಗಂಟೆ ಬಿಟ್ಟು ಬಂದ್ರೆ ಎಲ್ಲ ಇಟ್ಟ ಹಾಗೇ ಇತ್ತು, ಫ್ಯಾನೂ ತಿರುಗ್ತಿತ್ತು. ಆದ್ರೆ ಬೀಜ ಕಪ್ಪಾಗಿದೆ, ಬಾಯಿಗೆ ಹಾಕಿದ್ರೆ ಬರೀ ಕಹಿ! ನಾದಿನಿ ಕೆಲಸಾನೇ ಇದು. ಹೊಗೆ ವಾಸನೆಗೆ ತಲೆ ಸಿಡೀತಿದೆ ಅಂತ ಬೆಳಿಗ್ಗೆ ಜಗಳ ತೆಗೆದಿದ್ಳು."

"ಮುಟ್ಟಿದಾಗ ಬೀಜ ಹೇಗಿತ್ತು?" ಅಕ್ಕ ಕೇಳಿದಳು.

"ಬಿಸಿ. ಕೈ ಚುರ್ ಅಂತು."

"ಹಸಿ ಬೀಜ ಇನ್ನೂ ಇದೆಯೇನಮ್ಮಾ?"

"ಒಂದೇ ಒಂದು ಸಲಕ್ಕೆ ಸಾಕು. ಆದ್ರೆ ಆ ಮನೇಲಿ ಇನ್ನು ಒಲೆ ಹಚ್ಚಲ್ಲ, ತವರಿಗೆ ಹೋಗ್ತೀನಿ," ಎಂದವಳೇ ಅತ್ತುಬಿಟ್ಟಳು.

ನಾವು ಅವಳನ್ನು ಕರೆದುಕೊಂಡು ಕೆಳಮನೆಗೆ ಇಳಿದೆವು. ಅವಳ ಗಂಡ ಊರಲ್ಲಿರಲಿಲ್ಲ. ಮನೆಯಲ್ಲಿದ್ದದ್ದು ಮೂವರು ಹೆಂಗಸರು ಮಾತ್ರ. ಅಡುಗೆಮನೆಗೆ ಹೊಂದಿಕೊಂಡ ಕೋಣೆಯಲ್ಲಿ ಅತ್ತೆ ಹೊಲಿಗೆ ಯಂತ್ರ ತುಳಿಯುತ್ತಿದ್ದರು. ಊರವರಿಗೆಲ್ಲ ಬಟ್ಟೆ ಹೊಲಿಯುವ ಕೈ. ಪಕ್ಕದ ಮೇಜಿನ ಮೇಲೆ ಅಳತೆಗೆ ಕತ್ತರಿಸಿದ ಕಾಗದಗಳು, ಅವಕ್ಕೆ ಭಾರವಾಗಿ ಒಂದು ಕತ್ತರಿ, ಒಂದು ಸ್ಟೀಲ್ ಮುಚ್ಚಳ. ನಾದಿನಿ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು.

"ನಾನು ಮಹಡೀಲಿ ಬಟ್ಟೆ ಒಣಗಿಸ್ತಿದ್ದೆ. ಯಾರು ನಂಬ್ತಾರೆ?" ಎಂದಳು.

ಅತ್ತೆ ತಲೆಯೆತ್ತಲಿಲ್ಲ. ಯಂತ್ರ ಓಡುತ್ತಲೇ ಇತ್ತು. ಸೂಜಿಯಲ್ಲಿ ದಾರವೇ ಇಲ್ಲದ್ದು ನನಗೂ ಕಂಡಿತು, ಆದರೆ ನನ್ನ ಮಂಡೆಗೆ ಏನೂ ಹೊಳೆಯಲಿಲ್ಲ.

ಅಕ್ಕ ಎಲ್ಲರನ್ನೂ ಮೇಜಿನ ಸುತ್ತ ಕರೆದಳು.

"ಹುರಿದ ಬೀಜ ಒಲೆಯಿಂದ ಇಳಿದ ಮೇಲೂ ತನ್ನ ಕಾವಿಗೆ ತಾನೇ ಬೇಯ್ತಿರುತ್ತೆ. ಅದಕ್ಕೇ ಬೇಗ ಆರಿಸಬೇಕು. ಕಾಲು ಗಂಟೆ ಫ್ಯಾನ್ ಗಾಳಿ ಕುಡಿದ ಬೀಜ ತಣ್ಣಗಿರಬೇಕಿತ್ತು. ಕೈ ಸುಟ್ಟಿತು ಅಂದ್ರೆ ನಡುವೆ ಫ್ಯಾನ್ ನಿಂತಿತ್ತು, ಬೀಜ ಒಂದೇ ಕಡೆ ರಾಶಿ ಬಿದ್ದಿತ್ತು. ಫ್ಯಾನ್ ಯಾಕೆ ನಿಂತಿತು? ಈ ಕಾಗದಗಳ ಮೇಲೆ ಬೀಜದ ಹೊಟ್ಟು ನೋಡಿ. ಗಾಳಿ ಇಲ್ಲೀವರೆಗೂ ಬಂದಿದೆ, ಕಾಗದಗಳು ಹಾರಿವೆ. ಅದಕ್ಕೇ ಯಾರೋ ಫ್ಯಾನ್ ನಿಲ್ಲಿಸಿದ್ದಾರೆ."

ಅವಳು ಮುಚ್ಚಳ ಎತ್ತಿದಳು. ಕೆಳಗಿನ ಕಾಗದದಲ್ಲಿ ಕಂದು ಬಣ್ಣದ ಒದ್ದೆ ಉಂಗುರ ಮೂಡಿತ್ತು. ಮುಚ್ಚಳದ ಒಳಗೆ ಬೆವರ ಹನಿ, ಹನಿಗೆ ಅಂಟಿದ ಹೊಟ್ಟು.

"ಬೀಜಾನ ಪಾತ್ರೆಗೆ ಸುರಿದು ಇದನ್ನೇ ಮುಚ್ಚಿದ್ದು. ಹಾಳು ಮಾಡೋರಾದ್ರೆ ಕಸಕ್ಕೆ ಚೆಲ್ಲಿರ್ತಿದ್ರು. ಇವರು ವಾಪಸ್ ಒಪ್ಪವಾಗಿ ಹರಡಿದ್ದಾರೆ. ಒಳ್ಳೇದಕ್ಕೇ ಮಾಡಿದೆ ಅಂದ್ಕೊಂಡವರು. ಈಗ ದಾರ ಇಲ್ಲದೆ ಹೊಲೀತಿದ್ದಾರೆ."

ಯಂತ್ರ ನಿಂತಿತು.

"ಕಾಗದ ಹಾರಿದ್ವು ಅಂತ ಫ್ಯಾನ್ ನಿಲ್ಲಿಸಿದೆ, ಘಮ ಹೋಗ್ಬಿಡತ್ತಲ್ಲ ಅಂತ ಬೀಜ ಮುಚ್ಚಿದೆ," ಎಂದರು ಅತ್ತೆ ಮೆಲ್ಲಗೆ. "ಬಿಸಿ ಪದಾರ್ಥ ಮುಚ್ಚಿಟ್ಟೇ ರೂಢಿ ನಂಗೆ. ಕಾಗದ ಹೆಕ್ಕಿಕೊಂಡು, ಇವಳ ಹೆಜ್ಜೆ ಸದ್ದು ಕೇಳಿ ಬೀಜ ಮತ್ತೆ ಹರಡಿ ಫ್ಯಾನ್ ಹಾಕಿದೆ. ಹೇಳಿದ್ರೆ ಹೊಟ್ಟೆಕಿಚ್ಚಿಗೆ ಮಾಡಿದೆ ಅಂತಾಳೆ ಅಂತ ಹೆದರಿದೆ."

"ಮುಚ್ಚಿದ್ದು ತಿಳೀದೆ ಆದದ್ದು. ಮಗಳ ಮೇಲೆ ಗೂಬೆ ಕೂರಿಸುವಾಗ ಸುಮ್ಮನಿದ್ರಲ್ಲ, ಅದು ತಪ್ಪು," ಎಂದಳು ಅಕ್ಕ.

ನಾದಿನಿ ಬಿಕ್ಕಿದಳು. ಸೊಸೆ ಅವಳ ಪಕ್ಕದಲ್ಲಿ ಕೂತು ಕೈ ಹಿಡಿದಳು.

"ತಪ್ಪಾಯ್ತು ಕಣೇ. ಕೇಳದೇ ನಿನ್ನ ಮೇಲೆ ಹಾಕ್ಬಿಟ್ಟೆ."

ಸಂಜೆ ಉಳಿದ ಬೀಜವನ್ನು ಹುರಿದರು. ಅತ್ತೆ ತಾವೇ ಫ್ಯಾನ್ ಜೋರು ಮಾಡಿ, ಜರಡಿ ಹಿಡಿದು, ಬೀಜ ಚಿಮ್ಮಿಸತೊಡಗಿದರು. ಅಳತೆ ಕಾಗದಗಳು ಮನೆ ತುಂಬ ಹಾರಿದವು, ನಾದಿನಿ ಅವುಗಳ ಹಿಂದೆ ಓಡಿದಳು.

"ಅಯ್ಯೋ, ಕಾಗದ!" ಎಂದೆ ನಾನು.

"ಹಾರ್ಲಿ ಬಿಡಿ. ಮೊದಲು ಇದು ತಣ್ಣಗಾಗ್ಲಿ," ಎಂದರು ಅತ್ತೆ. ತೋಳು ನೋಯುತ್ತಿದ್ದರೂ ಜರಡಿ ಬಿಡಲಿಲ್ಲ.

ಮರುದಿನ ಯಜಮಾನ ಎರಡನೇ ಲೋಟವನ್ನೂ ಕೇಳಿ ಕುಡಿದ.

"ಹುರಿಯೋರು ಬೇಕಾದಷ್ಟು ಜನ ಇದ್ದಾರೆ. ಇಷ್ಟು ಚೆನ್ನಾಗಿ ಆರಿಸಿದ್ದು ಯಾರು?"

"ನಮ್ಮತ್ತೆ," ಎಂದಳು ಸೊಸೆ. "ಮುಂದಿನ ವಾರದಿಂದಲೂ ಅವರೇ."

ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದರು. ಯಂತ್ರದ ಸದ್ದು ಕೇಳಿತು. ನಾನು ಇಣುಕಿ ನೋಡಿದೆ. ಸೂಜಿಯಲ್ಲಿ ದಾರವಿತ್ತು.