ಬೇಸಿಗೆಯಲ್ಲಿ ಹಚ್ಚಿದ ಹೀಟರ್

"ಮುಟ್ಬೇಡ."

ಬ್ರಯೊನಿಯ ಕೈ ರೇಡಿಯೇಟರಿನ ಮುಚ್ಚಳದ ಮೇಲಿತ್ತು. ಆ ಕೈಯ ಮಣಿಕಟ್ಟನ್ನು ಹಿಂದಿನಿಂದ ಬಂದ ಇನ್ನೊಂದು ಕೈ ಹಿಡಿದುಕೊಂಡಿತ್ತು. ಯಾರೆಂದು ತಿರುಗಿ ನೋಡಬೇಕಾಗಿರಲಿಲ್ಲ. ಆ ಬೆರಳುಗಳ ಒರಟನ್ನು ಮರೆಯಲು ಒಂದು ವರ್ಷ ಅವಳಿಗೆ ಸಾಕಾಗಿರಲಿಲ್ಲ.

"ಕೈ ಬಿಡು, ಗ್ವಿಲಿಮ್."

"ಬಿಡ್ತೀನಿ. ಮೊದ್ಲು ನೀನು ಅದನ್ನ ಬಿಡು. ಈಗ ತೆಗೆದ್ರೆ ಕುದಿಯೋ ನೀರು ಮುಖಕ್ಕೇ ಹಾರುತ್ತೆ."

ಅವಳು ಬಿಟ್ಟಳು. ಅವನೂ ಬಿಟ್ಟ, ಒಂದು ಕ್ಷಣ ತಡವಾಗಿ.

ಬರ್ವೇ ಎಂಬ ಆ ಗುಡ್ಡದ ಏರುದಾರಿ ಒಂದೇ ಗಾಡಿ ಹಿಡಿಯುವಷ್ಟು ಅಗಲ. ಎಡಕ್ಕೆ ಗುಡ್ಡ, ಬಲಕ್ಕೆ ಪಾತಾಳ. ತಿರುವಿನಲ್ಲಿ ಗಾಡಿ ಸರಿಸಿ ನಿಲ್ಲಿಸಲು ಒಂದಿಷ್ಟು ಜಾಗ. ಅಲ್ಲಿ ಅಪ್ಪನ ಹಸಿರು ಕಾರು, ಎರಡೇ ಸೀಟಿನ, ಉದ್ದ ಮೂತಿಯ ಹಳೆಯ ಸುಂದರಿ, ಬುಸುಬುಸು ಹಬೆ ಬಿಡುತ್ತಾ ನಿಂತಿತ್ತು. ಜುಲೈ ಬಿಸಿಲಿಗೆ ಡಾಂಬರೂ ಮೆತ್ತಗಾಗಿತ್ತು.

ಕುರಿಗಳನ್ನು ಅಟ್ಟಿಕೊಂಡು ಬಂದ ಮುದುಕ ಬೆಡೋಸ್ ನಿಂತು ನೋಡಿದ. "ಏನಮ್ಮಾ, ಮೇಲೆ ಟೀ ಕೊಡ್ತಾರಂತಲ್ಲ, ಇಲ್ಲೇ ಯಾಕೆ ನೀರು ಕಾಯಿಸ್ತಿದ್ದೀಯ?"

ಬ್ರಯೊನಿಗೆ ನಗು ಬರಲಿಲ್ಲ. ಅಳು ಬಂದೀತೆಂದು ತುಟಿ ಕಚ್ಚಿಕೊಂಡಳು.

ಗುಡ್ಡದ ತುದಿಯಲ್ಲಿ, ಹಳೇ ಕಾರುಗಳ ವರ್ಷದ ಕೂಟದಲ್ಲಿ, ಅಪ್ಪ ಕಾಯುತ್ತಿದ್ದರು. ಎಡ್ಗರ್ ಹಾಕ್ಸ್, ಕುದುರೆಯ ಜೀನು ಹೊಲಿಯುತ್ತಾ ಬಾಳಿದವರು, ಹಳೇ ಕಾರುಗಳ ಕ್ಲಬ್ಬಿನ ಹಿರಿಯರು. ಕಾರು ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇರಬೇಕು ಎನ್ನುವುದು ಅವರ ವ್ರತ. ಕಾವು ತಡೆಯಲಾರದೆ ಕರೆಂಟಿನ ಫ್ಯಾನು ಕೂರಿಸಿದವರನ್ನು ಅವರು ಮಾತಾಡಿಸುತ್ತಲೂ ಇರಲಿಲ್ಲ.

ಈಗ ಅವರಿಗೆ ಕಣ್ಣು ಕಾಣುವುದಿಲ್ಲ. ಮೊನ್ನೆ ಊಟದ ಹೊತ್ತಿಗೆ ಹೇಳಿಬಿಟ್ಟಿದ್ದರು: "ಈ ಸಲ ತುದಿ ಮುಟ್ಟದಿದ್ರೆ ಮ್ಯೂಸಿಯಮ್ಮಿಗೆ ಕೊಟ್ಬಿಡೋಣ, ಮಗಳೇ. ಅಲ್ಲಿ ಅದಕ್ಕೆ ನೀರೂ ಬೇಡ, ಬೆಂಕಿಯೂ ಬೇಡ."

ಅಮ್ಮನನ್ನು ಅಪ್ಪ ಮೊದಲ ಸಲ ಕೂರಿಸಿಕೊಂಡು ಬಂದದ್ದು ಇದೇ ಏರಿಗೆ, ಇದೇ ಕಾರಿನಲ್ಲಿ. ಅದು ಗಾಜಿನ ಆಚೆ ಬೊಂಬೆಯಾಗುವುದೆಂದರೆ...

"ನೀನು ಇಲ್ಲಿ ಏನು ಮಾಡ್ತಿದ್ದೀಯ?" ಎಂದಳು.

"ಬೆಳಗ್ಗೆಯಿಂದ ಕಾಯ್ತಿದ್ದೀನಿ. ಅದು ಕುದಿಯೋದು ಯಾವಾಗ್ಲೂ ಈ ತಿರುವಲ್ಲೇ ಅಲ್ವಾ?"

ಅವನ ವ್ಯಾನಿನ ಹಿಂದೆ ನೀರಿನ ಕ್ಯಾನುಗಳಿದ್ದವು. ಅವಳಿಗೆ ಮೈ ಉರಿಯಿತು.

"ಈ ಸಲವೂ ಫ್ಯಾನು ತಂದಿದ್ದೀಯಾ?"

ಅವನು ಒಂದು ಕ್ಯಾನು ಇಳಿಸಿದ. ಹೋದ ವರ್ಷವೂ ಹೀಗೇ ಬಾಯಿ ಬಿಟ್ಟಿರಲಿಲ್ಲ. ಕ್ಲಬ್ಬಿನ ತಪಾಸಣೆಯ ಹಿಂದಿನ ದಿನ ಅವಳು ಶೆಡ್ಡಿಗೆ ಹೋದಾಗ ಕಾರಿನ ಮೂತಿ ಬಿಚ್ಚಿತ್ತು, ಅದರ ರಿಪೇರಿ ನೋಡಿಕೊಳ್ಳುತ್ತಿದ್ದ, ಅವಳು ಮನಸ್ಸು ಕೊಟ್ಟಿದ್ದ ಗ್ವಿಲಿಮ್‌ನ ಕೈಯಲ್ಲಿ ಕರೆಂಟಿನ ಪುಟ್ಟ ಫ್ಯಾನಿತ್ತು. "ನಮ್ಮಪ್ಪನ ಮರ್ಯಾದೆ ಕಳೆಯೋಕೆ ಬಂದೆಯಾ? ಹೋಗು ಇಲ್ಲಿಂದ" ಎಂದಿದ್ದಳು. ಒಂದೇ ಒಂದು ಮಾತು ಆಡಿದ್ದರೂ ಅವಳು ಕೇಳುತ್ತಿದ್ದಳು. ಅವನು ಫ್ಯಾನನ್ನು ನೆಲದ ಮೇಲಿಟ್ಟು, ಅವಳನ್ನೊಮ್ಮೆ ನೋಡಿ ಹೊರಟುಬಿಟ್ಟಿದ್ದ.

ಈಗ ಅವನು ಅಂಗಿಯ ಜೇಬಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದ. ಹಿತ್ತಾಳೆಯ ಹಳೆಯ ಥರ್ಮೋಸ್ಟಾಟ್, ಎಂಜಿನ್ನಿನ ನೀರಿನ ಕಾವು ನೋಡಿ ದಾರಿ ಬಿಡುವ ಬಿರಡೆ. ಅದರ ಸೊಂಟಕ್ಕೆ ಬಳೆಯಂಥ ಪಟ್ಟಿ.

"ನಿಮ್ಮ ಕಾರಲ್ಲಿರೋದು ಅಂಗಡೀಲಿ ಸಿಗೋ ಹೊಸದು. ಅದಕ್ಕೆ ಈ ಬಳೆ ಇಲ್ಲ. ನೀರು ಕಾದಾಗ ಬಳೆ ಮೇಲೆದ್ದು ಅಡ್ಡದಾರಿ ಮುಚ್ಬೇಕು. ಮುಚ್ಚೋರಿಲ್ಲ, ಅದಕ್ಕೇ ಅರ್ಧ ನೀರು ರೇಡಿಯೇಟರಿಗೆ ಹೋಗ್ದೆ, ಬಿಸಿಬಿಸಿಯಾಗೇ ಎಂಜಿನ್ನಿಗೆ ವಾಪಸ್ ಬರ್ತಿದೆ. ರೇಡಿಯೇಟರ್ ತಪ್ಪೇನಿಲ್ಲ."

"ಇದು... ಇದು ಅಸಲಿದಾ?"

"ಇದೇ ಕಾರಿನ ಓರಗೆಯದು. ಹಳೇ ಸಾಮಾನಿನ ಸಂತೆಗಳನ್ನೆಲ್ಲ ಸುತ್ತಿ ಹುಡುಕ್ದೆ."

ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿ ಇರುತ್ತದಂತೆ. ಈ ಕಾರಿನ ಪ್ರಾಣ ಅವಳೇ ಅಟ್ಟಿದ ಹುಡುಗನ ಜೇಬಿನಲ್ಲಿತ್ತು.

ಎಂಜಿನ್ ಆರಲು ಬಿಟ್ಟರು. ಗ್ವಿಲಿಮ್ ಎರಡು ನಟ್ಟು ಬಿಚ್ಚಿ, ಹೊಸದನ್ನು ತೆಗೆದು ಹಳೆಯದನ್ನು ಕೂರಿಸಿದ. ಅವಳು ನೀರು ತುಂಬಿದಳು. ಇಬ್ಬರ ತಲೆಗಳೂ ಬಾನೆಟ್ಟಿನ ಕೆಳಗೆ ಹತ್ತಿರವಿದ್ದವು. 'ಇಷ್ಟು ಹುಡುಕಿದವನು ಮೋಸ ಯಾಕೆ ಮಾಡಿದ?' ಎಂದು ಅವಳು ತನ್ನನ್ನೇ ಕೇಳಿಕೊಂಡಳು.

"ನಾನೂ ಬರ್ತೀನಿ. ಏರಿನಲ್ಲಿ ಕಾವು ತೋರಿಸೋ ಮುಳ್ಳಿನ ಮೇಲೆ ಕಣ್ಣಿಡೋಕೆ ಒಬ್ರು ಬೇಕು," ಎಂದು ಅವನು ಪಕ್ಕದ ಸೀಟಿನಲ್ಲಿ ಕೂತ. "ಹೀಟರ್ ಹಾಕು."

"ಈ ಬಿಸಿಲಲ್ಲಾ?"

"ಅದೂ ಒಂದು ಪುಟ್ಟ ರೇಡಿಯೇಟರೇ. ಎಂಜಿನ್ ಕಾವನ್ನ ನಾವು ಸ್ವಲ್ಪ ಹಂಚ್ಕೊಳ್ಳೋಣ."

ಕಾರು ಏರತೊಡಗಿತು. ಕಾಲಿಗೆ ಒಲೆಯ ಮುಂದೆ ಕೂತಂಥ ಬಿಸಿಗಾಳಿ. ಮುಂದೆ ಬೆಡೋಸನ ಕುರಿಗಳು ದಾರಿ ತುಂಬ ಹಬ್ಬಿದ್ದವು, ಆಮೆಯ ನಡಿಗೆ. ಮುಳ್ಳು ಕೆಂಪಿನತ್ತ ಹೊರಟಿತು.

"ಹೀಟರಿನ ಗಾಳಿ ಸಾಲ್ತಿಲ್ಲ. ನಿನ್ನ ಕಡೆ ಡ್ಯಾಶಿನ ಅಡೀಲಿ ಮುಚ್ಚಳ ಇರುತ್ತೆ, ಪೂರ್ತಿ ತೆಗಿ."

ಅವಳು ಬ್ರೇಕ್ ಹಿಡಿದು, ಬಗ್ಗಿ ಕೈ ಹಾಕಿದಳು. ಮುಚ್ಚಳ ಸಿಕ್ಕಿತು. ಅದರ ಜೊತೆಗೆ ಇನ್ನೊಂದು... ತಂತಿ. ಕಾರಿನ ಮೂತಿಯ ಕಡೆಯಿಂದ ಬಂದು ಯಾವುದಕ್ಕೂ ಸೇರದೆ ತುಂಡಾಗಿ ನಿಂತ ತಂತಿ. ಅದರ ಮೈಗೆ ಮೇಣ ಹಚ್ಚಿದ ದಾರ ಒತ್ತೊತ್ತಾಗಿ ಸುತ್ತಿತ್ತು, ಕೊನೆಗೆ ಜೋಡಿ ಗಂಟು.

ಅವಳ ಬೆರಳು ಅಲ್ಲೇ ನಿಂತಿತು.

ಜೀನಿನ ಗಂಟು. ಚಿಕ್ಕಂದಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಕಲಿತದ್ದು. ಗ್ವಿಲಿಮ್‌ಗೆ ಅಂಗಿಯ ಗುಂಡಿ ಹೊಲಿಯಲೂ ಬರುವುದಿಲ್ಲ.

"ಫ್ಯಾನು ಹಾಕಿದ್ದು ಅಪ್ಪ," ಎಂದಳು.

ಕುರಿಗಳು ಸರಿದವು. ಅವನು ಹೊರಗೆ ನೋಡುತ್ತಾ ಹೇಳಿದ: "ತಪಾಸಣೆಗೆ ಮುಂಚೆ ತೆಗೆದುಬಿಡು ಅಂತ ಅವರೇ ಕೇಳ್ಕೊಂಡ್ರು. ಅವರಿಗೆ ಸ್ಕ್ರೂ ಕಾಣ್ತಿರಲಿಲ್ಲ. ತಂತಿ ತೆಗೆಯೋ ಮೊದ್ಲೇ ನೀನು ಬಂದೆ."

"ನನಗೆ ಹೇಳ್ಬಹುದಿತ್ತು."

"ಕಣ್ಣು ಹೋಗ್ತಿತ್ತು ಅವರಿಗೆ. ಉಳಿದಿದ್ದು ಆ ಹೆಮ್ಮೆ ಒಂದೇ. ಮಗಳ ಮುಂದೆ ಅದನ್ನೂ ನಾನೇ ಕಿತ್ಕೊಳ್ಳಲಾ?"

"ಮತ್ತೆ ನಾನು? ಒಂದು ವರ್ಷ ಬೆಂದೆ, ಗ್ವಿಲಿಮ್. ನೀನೂ ಆ ನೀರಿನ ಹಾಗೇ. ಬರಬೇಕಾದ ಕಡೆ ಬರ್ದೆ ಅಡ್ಡದಾರೀಲೇ ಸುತ್ತಿದೆ."

"ಇವತ್ತು ಬಂದಿದ್ದೀನಲ್ಲ," ಎಂದ ಅವನು, ಬೈಸಿಕೊಂಡವನ ದನಿಯಲ್ಲಿ.

ಮುಳ್ಳು ಕೆಂಪಿನ ಅಂಚಿಗೆ ಬಂದು ನಡುಗಿತು. ಅಲ್ಲೇ ನಿಂತಿತು... ನಿಂತು, ಮೆಲ್ಲಗೆ ಹಿಂದೆ ಸರಿಯಿತು. ಬಳೆ ತನ್ನ ಕೆಲಸ ಮಾಡುತ್ತಿತ್ತು.

ತುದಿಯ ಡೇರೆಯಲ್ಲಿ ಟೀ, ಹಂದಿಮಾಂಸ ಸೇಬು ತುಂಬಿದ ಫಿಜೆಟ್ ಪೈ, ಹರಟೆ. ಎಂಜಿನ್ನಿನ ಸದ್ದು ಕೇಳಿಯೇ ಅಪ್ಪ ಎದ್ದು ನಿಂತಿದ್ದರು.

"ಕುದೀಲಿಲ್ಲ," ಎಂದರು.

"ಇಲ್ಲ, ಅಪ್ಪ. ಒಳಗಿರೋದೆಲ್ಲ ಅಸಲಿದೇ."

ಎಲ್ಲರ ಮುಂದೆ ಅವಳು ಇನ್ನೇನೂ ಹೇಳಲಿಲ್ಲ. ತಂತಿಯಿಂದ ಕತ್ತರಿಸಿ ತಂದ ದಾರದ ಗಂಟನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು. ಮುದುಕರ ಹೆಬ್ಬೆರಳು ಗಂಟಿನ ಮೇಲೆ ಒಮ್ಮೆ ಓಡಿತು, ಮತ್ತೊಮ್ಮೆ ಓಡಿತು. ಮುಖ ಬಾಡಿತು.

"ದಿನಾ ಹೇಳ್ಬೇಕು ಅನ್ಕೊಳ್ತಿದ್ದೆ, ಮಗಳೇ. ನೀನು ಅವನ ಹೆಸರೆತ್ತದೇ ಇದ್ದಷ್ಟೂ ಬಾಯಿ ಬರ್ತಿರಲಿಲ್ಲ." ಸ್ವಲ್ಪ ತಡೆದು ಕೇಳಿದರು: "ಬಂದಿದ್ದಾನಾ?"

"ಬಂದಿದ್ದಾನೆ."

"ಹಾಗಾದ್ರೆ ಮೊದ್ಲು ಟೀ ಕೊಡು. ಆಮೇಲೆ ಇಲ್ಲಿಗೆ ಕಳಿಸು. ಅವನ ಕೈ ಹಿಡಿದು ಎಲ್ಲರ ಮುಂದೆ ಒಂದು ಮಾತು ಹೇಳೋದಿದೆ."

ಫ್ಯಾನು ಹಾಕಿದ್ದು ತಾವೇ ಎಂದು ಹೇಳಿದರು ಕೂಡ. ಆಮೇಲೆ ಕದ್ದು ಫ್ಯಾನು ಹಾಕಿಸಿದ್ದ ಇಬ್ಬರು ಮೆಲ್ಲಗೆ ಕೆಮ್ಮಿದರು, ಮತ್ತೆ ಎಲ್ಲರೂ ನಕ್ಕರು.

ಅಪ್ಪನನ್ನು ಗೆಳೆಯರು ಮನೆಗೆ ಕರೆದುಕೊಂಡು ಹೋದರು. ಸಂಜೆ ಬ್ರಯೊನಿ, ಗ್ವಿಲಿಮ್ ಇಬ್ಬರೇ ಕಾರಿನಲ್ಲಿ ಇಳಿಜಾರು ಇಳಿಯುತ್ತಾ ಅವನ ವ್ಯಾನಿನತ್ತ ಬರುತ್ತಿದ್ದಾಗ ಗುಡ್ಡದ ಮೇಲೆ ತಂಗಾಳಿ ಎದ್ದಿತ್ತು. ಮುಳ್ಳು ಕೆಳಗೆ ತಣ್ಣಗೆ ಮಲಗಿತ್ತು.

"ಮತ್ತೆ ಹೋಗು ಅಂದ್ರೆ ಹೋಗ್ಬಿಡ್ತೀಯಾ?" ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಇಲ್ಲ. ಈ ಸಲ ನಿಂತು ಜಗಳ ಆಡ್ತೀನಿ." ಅವನ ಕೈ ಹೀಟರಿನ ಗುಂಡಿಯತ್ತ ಹೋಯಿತು. "ಎಂಜಿನ್ ತಣ್ಣಗಾಯ್ತು. ಆರಿಸಲಾ?"

ಅವಳು ಗೇರಿನಿಂದ ಕೈ ತೆಗೆದು ಆ ಕೈಯ ಮೇಲಿಟ್ಟಳು.

"ಇರಲಿ ಬಿಡು. ನನಗೆ ಚಳಿ."