ಎಡಕ್ಕೆ ಹೊಸೆದ ಪಟ್ಟಿ

"ಅದಕ್ಕೆ ನಿನ್ನದು ಅನ್ನೋದು ಏನನ್ನೂ ಸೇರಿಸಬೇಡ ಮಗಳೇ. ಉಗುಳು ಹಚ್ಚಿ ಒರೆಸೋದು ಕೂಡ ಬೇಡ," ಎಂದಳು ಮ್ಯೂಸಿಯಮ್ಮಿನ ಬೀಗದ ಕೈ ಕಾಯುವ ಮುದುಕಿ ಸತುರ್ನಿನಾ.

ಒತಿಲಿಯಾ ಕೈಗವಸು ಎಳೆದುಕೊಳ್ಳುತ್ತ ನಕ್ಕಳು. "ಬೆವರು?"

"ಬೆವರೂ ಬೇಡ."

"ಹಾಗಾದ್ರೆ ಉಸಿರು ಬಿಗಿಹಿಡಿದು ಹೊಲೀಬೇಕು ನಾನು."

"ಹಿಡಿ. ನಗಬೇಡ."

ಹಳೆಯ ಬಟ್ಟೆಗಳನ್ನು ದುರಸ್ತಿ ಮಾಡುವ ಕೆಲಸಕ್ಕೆ ಒತಿಲಿಯಾ ರಾಜಧಾನಿ ಲಿಮಾದಿಂದ ಈ ಸರೋವರದ ಊರಿಗೆ ಬಂದು ಮೂರು ವಾರವಾಗಿತ್ತು. ಜೊತೆಗೆ ಏಳು ವರ್ಷದ ಮಗಳು ಲುಸ್ಮಿಲಾ. ಅವಳಿಗೆ ಮಗಳು, ಮಗಳಿಗೆ ಅವಳು, ಮೂರನೆಯವರು ಇರಲಿಲ್ಲ.

ಮೇಜಿನ ಮೇಲೆ ಬಿಚ್ಚಿಟ್ಟಿದ್ದು ಕೂಸನ್ನು ಬಿಗಿಯಾಗಿ ಸುತ್ತುವ ಪಟ್ಟಿ. ನಾಲ್ಕು ಬೆರಳಗಲ, ಕಪ್ಪು ಬಿಳಿ ಉಣ್ಣೆ, ಒಂದು ಅಂಚು ಹರಿದಿತ್ತು. ಕುರಿಕೊಬ್ಬಿನ ವಾಸನೆ, ಹಳೆಯ ಹೊಗೆಯ ವಾಸನೆ, ಅದರಡಿಯಲ್ಲಿ ಹುಳಿತ ಎದೆಹಾಲಿನದು. ನೂಲನ್ನು ಎಡಕ್ಕೆ ಹೊಸೆದಿದ್ದರು. ಆ ಊರಿನಲ್ಲಿ ಬಲಕ್ಕೆ ಹೊಸೆದದ್ದು ಮೈಗೆ, ಎಡಕ್ಕೆ ಹೊಸೆದದ್ದು ಮಂತ್ರಕ್ಕೆ.

"ಮಕ್ಕಳಿಲ್ಲದ ಒಬ್ಬಳು ಇದನ್ನ ನೇಯ್ದದ್ದು," ಎಂದಳು ಸತುರ್ನಿನಾ. "ನಾದಿನಿ ಮಗೂನ ಮೊದಲ ಕೂದಲು ಕತ್ತರಿಸಿದ ದಿನ, ನೆಲಕ್ಕೆ ಬಿದ್ದದ್ದನ್ನ ಕದ್ದು ಇದರೊಳಗೆ ಸೇರಿಸಿದ್ಲು. ವಾರ ತುಂಬೋದ್ರೊಳಗೆ ಹೆತ್ತವಳು ಮಗೂನ ಎತ್ಕೊಂಡೋಗಿ ಅಂಗಳದಲ್ಲಿಟ್ಟು, 'ಇದು ಯಾರದೋ, ಬಂದು ಒಯ್ಯಿರಿ' ಅಂದ್ಲು. ಸಾಯೋ ತನಕ ಹಾಗೇ ಅಂದ್ಲು."

"ಆಮೇಲೆ?"

"ಆಮೇಲೇನು. ಸುಡೋಕೆ ಯಾರಿಗೂ ಧೈರ್ಯ ಬರ್ಲಿಲ್ಲ. ಮ್ಯೂಸಿಯಮ್ಮಿಗೆ ಕೊಟ್ಟರು."

"ಒಳ್ಳೇದೇ ಆಯ್ತು ದೋನ್ಯಾ," ಎಂದಳು ಒತಿಲಿಯಾ, ಊರವರು ಹಿರಿಯ ಹೆಂಗಸರನ್ನು ಕರೆಯುವ ಹಾಗೆಯೇ. "ನಮ್ಮ ದಾಖಲೇಲಿ ಬಟ್ಟೆಗೆ ನಂಬರ್ ಇದೆ, ಮಾಟಕ್ಕಿಲ್ಲ."

ಗುರುವಾರ ಹೊಸ ಕೋಣೆಯ ಉದ್ಘಾಟನೆ. ಸೋಮವಾರವಾದರೂ ಹರಿದ ಅಂಚು ಹೊಲಿಯಲು ಲಿಮಾದಿಂದ ರೇಷ್ಮೆಯೆಳೆ ಬರಲಿಲ್ಲ. ರಸ್ತೆತಡೆಗೆ ಸಿಕ್ಕಿದ ಯಾವುದೋ ಬಸ್ಸಿನ ಹೊಟ್ಟೆಯಲ್ಲಿ ಅದು ಕೂತಿತ್ತು. ಸತುರ್ನಿನಾ ತಂಗಿಯ ಹೊಲಕ್ಕೆ ಆಲೂಗಡ್ಡೆ ಅಗೆಯಲು ಹೋಗಿದ್ದಳು. ಮೆಟ್ಟಿಲ ಮೇಲಿನ ಎಳೆಬಿಸಿಲಲ್ಲಿ ಒತಿಲಿಯಾ ಮಗಳ ತಲೆ ಬಾಚುತ್ತಿದ್ದಳು.

"ಅಮ್ಮಾ, ಕುದುರೆ ಬಾಲ ಅಂದ್ಕೊಂಡಿದೀಯಾ? ಮೆಲ್ಲಗೆ!"

"ಕುದುರೆ ಇಷ್ಟು ಬಾಯಿ ಮಾಡಲ್ಲ."

ಬಾಚಣಿಗೆಯಲ್ಲಿ ಮೂರು ಕೂದಲು ಉಳಿದವು. ಉದ್ದ, ಕಪ್ಪು, ಗಟ್ಟಿ. ಹಿಂದಿನವರು ರೇಷ್ಮೆಯಿಲ್ಲದಾಗ ತಲೆಗೂದಲಿನಿಂದಲೇ ಹೊಲಿಯುತ್ತಿದ್ದರೆಂದು ಅವಳಿಗೆ ಕಲಿಸಿದವರು ಹೇಳಿದ್ದರು. ಹೊಲಿಗೆ ಕಣ್ಣಿಗೇ ಬೀಳುವುದಿಲ್ಲ. ಒಳಗೆ ಹೋಗಿ ಮೇಜಿನ ಮುಂದೆ ಕೂತು ಅವಳು ಕೂದಲಿನ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸಿದಳು.

ಮೊದಲ ಎಳೆಗೆ ಹೊರಗಿನ ಬೀದಿಯ ಸದ್ದು ನಿಂತಿತು. ಎರಡನೆಯದಕ್ಕೆ ನೆಲದ ಮೇಲೆ ಎಲ್ಲೋ ಕದಿರು ತಿರುಗುವ ಗುರುಗುರು ಕೇಳಿಸಿತು. ಆ ಕೋಣೆಯಲ್ಲಿ ಇದ್ದದ್ದು ಒಂದೇ ಕದಿರು, ಗಾಜಿನೊಳಗೆ, ಅದು ಅಲುಗಿರಲಿಲ್ಲ. ಮೂರನೆಯದಕ್ಕೆ ಹುಳಿಹಾಲಿನ ವಾಸನೆ ಗಂಟಲಿಗಿಳಿದು ಅಂಟಿಕೊಂಡಿತು. ಅವಳು ಕೆಮ್ಮಿ ಗಂಟು ಹಾಕಿದಳು. ಕೆಲಸ ಅಂದವಾಗಿತ್ತು.

ಮರುದಿನ ಸಂತೆಯ ಸೂಪಿನಂಗಡಿಯಲ್ಲಿ ಒಂದೇ ಬಟ್ಟಲು ಕೇಳಿದಳು.

"ಚಿಕ್ಕವಳಿಗೆ ಉಪವಾಸಾನಾ ದೊಕ್ತೋರಾ?" ಎಂದು ಅಂಗಡಿಯವಳು ಛೇಡಿಸಿದಳು. ಓದಿದ ಹೆಂಗಸರನ್ನೆಲ್ಲ ಅಲ್ಲಿ ಹಾಗೇ ಕರೆಯುತ್ತಿದ್ದರು.

ಒತಿಲಿಯಾ ಅತ್ತಿತ್ತ ನೋಡಿದಳು. ಪಕ್ಕದಲ್ಲೊಂದು ಹುಡುಗಿ ಅವಳ ಲಂಗದ ಅಂಚು ಹಿಡಿದು ಕೂತಿತ್ತು. ಒಂದು ರೆಪ್ಪೆ ಬಡಿದ ಮೇಲೆ ಅದು ಲುಸ್ಮಿಲಾ. ನಿದ್ದೆ ಸಾಲುತ್ತಿಲ್ಲ ಎಂದುಕೊಂಡು ನಕ್ಕಳು.

ಬುಧವಾರ ಬೆಳಿಗ್ಗೆ ಹಗ್ಗದ ಮೇಲೆ ಒಣಗುತ್ತಿದ್ದ ಪುಟ್ಟ ಕಾಲುಚೀಲಗಳನ್ನು ಮಡಿಸಿ ಪಕ್ಕದ ಮನೆಯ ಹೊಸ್ತಿಲಲ್ಲಿಟ್ಟಳು. ಮಧ್ಯಾಹ್ನ ಬೀದಿಯಲ್ಲಿ ಯಾರೋ ಅಮ್ಮಾ ಅಮ್ಮಾ ಎಂದು ಕೂಗುತ್ತಿದ್ದರು. ಅವಳು ತಿರುಗಲಿಲ್ಲ. ಪುಟ್ಟ ಕೈಯೊಂದು ತೋಳು ಹಿಡಿದು ಎಳೆಯಿತು.

"ಬಿಡು, ಚಿಲ್ಲರೆ ಇಲ್ಲ," ಎಂದಳು.

ಎದುರಿನ ಮುಖ ಕುಸಿದುಹೋಯಿತು. ಅದನ್ನು ನೋಡುತ್ತಲೇ ಒತಿಲಿಯಾಳಿಗೆ ಎಲ್ಲ ನೆನಪಾಯಿತು. ಮಗಳನ್ನು ಅವಚಿಕೊಂಡು ಓಡಿದಳು. ಹೊಲದಿಂದ ಮರಳಿದ ಸತುರ್ನಿನಾ ಆಗತಾನೆ ಲಾರಿಯಿಂದ ಮೂಟೆ ಇಳಿಸುತ್ತಿದ್ದಳು.

"ಏನು ಹಾಕಿ ಹೊಲಿದೆ?" ಮಗಳನ್ನೇ ಮರೆತೆ ಅಂದದ್ದೇ ತಡ, ಮುದುಕಿ ಕೇಳಿದಳು.

ಒತಿಲಿಯಾ ಹೇಳಿದಳು. ಮುದುಕಿಯ ಕೈಯಿಂದ ಮೂಟೆ ಜಾರಿತು.

"ಹೊಲಿದ ಕೈಯೇ ಬಿಚ್ಚಬೇಕು. ಇವಳ ಹೆಸರು ನಿನ್ನ ಬಾಯಲ್ಲಿರೋ ತನಕ ಮಾತ್ರ. ಮಗೂನ ಇಲ್ಲಿ ಬಿಡು. ಹೆಸರು ಹೇಳ್ತಾ ಓಡು!"

ಲುಸ್ಮಿಲಾ. ಲುಸ್ಮಿಲಾ. ಆಲಿಕಲ್ಲು ಸುರಿಯತೊಡಗಿತು. ಹಗಲೇ ಕತ್ತಲಾಯಿತು. ಲುಸ್ಮಿಲಾ. ಮ್ಯೂಸಿಯಮ್ಮಿನ ಬೀಗ ತೆರೆಯಿತು. ತಗಡಿನ ಮೇಲೆ ಆಲಿಕಲ್ಲಿನ ಸದ್ದು, ನೆಲದಲ್ಲಿ ಕದಿರಿನ ಗುರುಗುರು. ಚಿಮಟ ಎತ್ತಿಕೊಂಡಳು. ಒಂದು ಕೂದಲು ಬಂತು. ಲುಸ್ಮಿಲಾ. ಕದಿರು ಹತ್ತಿರವಾಯಿತು. ಎರಡನೆಯದು ಬಂತು. ಲುಸ್ಮಿ. ಹಾಲಿನ ವಾಸನೆ ಬಾಯಿ ತುಂಬಿತು. ಲು. ಮೂರನೆಯದರ ಗಂಟು ಬಿಗಿ. ಎಳೆದಳು. ಬರಲಿಲ್ಲ. ನಾಲಿಗೆಯ ತುದಿಯಲ್ಲಿ ಹೇಳಬೇಕಾದ್ದೇನೋ ಬೆಚ್ಚಗೆ ಇತ್ತು.

ನುಂಗಿದಳು.

ಕದಿರು ನಿಂತಿತು. ಒತಿಲಿಯಾ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದಳು. ಇಷ್ಟು ಅಂದದ ಹೊಲಿಗೆಯನ್ನು ಯಾರು ಹೀಗೆ ಕಿತ್ತರು? ನಾಳೆಯೇ ಉದ್ಘಾಟನೆ! ಲೊಚಗುಟ್ಟುತ್ತ ಸೂಜಿ ಎತ್ತಿಕೊಂಡು ಬಿದ್ದಿದ್ದ ಎರಡು ಕೂದಲನ್ನೂ ಮತ್ತೆ ಹೊಲಿದಳು.

ಏದುಸಿರು ಬಿಡುತ್ತ ಸತುರ್ನಿನಾ ಹುಡುಗಿಯ ಕೈ ಹಿಡಿದು ಬಂದಳು. "ಬಿಚ್ಚಿದೆಯಾ?"

"ಏನನ್ನ ದೋನ್ಯಾ? ಮುಗಿಸಿದೆ. ನೋಡು, ಎಲ್ಲಿ ಹೊಲಿದದ್ದು ಅಂತಾನೇ ಗೊತ್ತಾಗಲ್ಲ." ಆಮೇಲೆ ಬಗ್ಗಿ ಹುಡುಗಿಯ ಗಲ್ಲ ಸವರಿದಳು. "ನಿನ್ನ ಮೊಮ್ಮಗಳಾ? ಯಾಕೆ ಅಳ್ತಿದೆ ಪಾಪ, ಆಲಿಕಲ್ಲಿಗೆ ಹೆದರಿತಾ?"

ಸತುರ್ನಿನಾ ಕಾಲು ಹಿಡಿದು ಬೇಡಿದಳು. ಒತಿಲಿಯಾ ಗಾಬರಿಯಿಂದ ಅವಳನ್ನು ಎಬ್ಬಿಸಿದಳು. ಗಟ್ಟಿಯಾಗಿರುವ ಹೊಲಿಗೆಯನ್ನು ಬಿಚ್ಚುವುದು ತನ್ನ ಕಸುಬಿನಲ್ಲಿ ಮಹಾಪಾಪ ಎಂದು ಸಮಾಧಾನವಾಗಿ ತಿಳಿಸಿ ಹೇಳಿದಳು.

ಈಗ ಲುಸ್ಮಿಲಾ ಮುದುಕಿಯ ಮನೆಯಲ್ಲಿದ್ದಾಳೆ. ಶಾಲೆ ಬಿಟ್ಟೊಡನೆ ಮ್ಯೂಸಿಯಮ್ಮಿಗೆ ಬರುತ್ತಾಳೆ. ಮಕ್ಕಳಿಗೆ ಟಿಕೆಟ್ ಇಲ್ಲ. ಒತಿಲಿಯಾ ಬೇಸರಪಡದೆ ಒಂದೊಂದನ್ನೂ ತೋರಿಸುತ್ತಾಳೆ: ಇದು ಕವಣೆ, ಇದು ಕೋಕಾ ಎಲೆಯ ಚೀಲ. ಹುಡುಗಿ ಗಾಜು ನೋಡುವುದಿಲ್ಲ, ಹೇಳುವವಳ ಬಾಯಿ ನೋಡುತ್ತಾಳೆ.

"ನಿನ್ನ ಮೊಮ್ಮಗಳು ಚುರುಕು ದೋನ್ಯಾ," ಎಂದಳು ಒಂದು ದಿನ. "ಹೆತ್ತವಳು ಪುಣ್ಯವಂತೆ."

ಅಂದು ಸಂಜೆ ಆಲೂಗಡ್ಡೆ ಸುಲಿಯುತ್ತ ಸತುರ್ನಿನಾ ಬಾಯಿಬಿಟ್ಟಳು. "ಆ ಹೊಲಿಗೇನ ಬೇರೆ ಕೈ ಕತ್ತರಿಸಿದ್ರೆ ಮಾಟ ಹೋಗಲ್ಲ, ಪುಟ್ಟಿ. ಮರೆವು ನಿನ್ನ ಕಡೆಗೂ ಹರಿಯುತ್ತೆ. ನೀನೂ ಅವಳನ್ನ ಮರೀತೀಯ. ಉಣ್ತೀಯ, ಆಡ್ತೀಯ, ನೋವು ಇರಲ್ಲ. ಹೂಂ ಅಂದ್ರೆ ನಾನೇ ಕತ್ತರಿ ಹಾಕ್ತೀನಿ."

ಲುಸ್ಮಿಲಾ ಕೈಯಲ್ಲಿದ್ದುದನ್ನು ಪೂರ್ತಿ ಸುಲಿದು ನೀರಿಗೆ ಹಾಕಿದಳು.

"ಆಗ ಅವಳು ನಮ್ಮಮ್ಮ ಅಂತ ಯಾರಿಗೆ ಗೊತ್ತಿರುತ್ತೆ?"

"ನಂಗೆ."

ಹುಡುಗಿ ಅವಳ ಬಿಳಿ ಜಡೆಯನ್ನೂ ನಡುಗುವ ಬೆರಳುಗಳನ್ನೂ ನೋಡಿದಳು. ಇನ್ನೊಂದು ಆಲೂಗಡ್ಡೆ ಎತ್ತಿಕೊಂಡಳು.

"ನಿಂಗೆ ವಯಸ್ಸಾಯ್ತು ಅಜ್ಜಿ. ಕತ್ತರಿ ಬೇಡ."