ಸೀಟಿನ ಕೆಳಗಿನ ಬ್ರೇಕ್ ಡಬ್ಬಿ

ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ಚಾಲಕನ ಹೆಂಡತಿ ಕುರ್ಚಿ ಕೊಟ್ಟರೂ ಕೂರಲಿಲ್ಲ. ಹಿಂದಿನ ಸಂಜೆ ಅವಳ ಗಂಡ ಓಡಿಸುತ್ತಿದ್ದ ಶಾಲಾ ವ್ಯಾನ್ ಇಳಿಜಾರಿನಲ್ಲಿ ಗೋಡೆಗೆ ಗುದ್ದಿತ್ತು. ಮಕ್ಕಳನ್ನೆಲ್ಲ ಇಳಿಸಿಯಾಗಿತ್ತು. ಅವನು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ. ಕುಡಿದು ಓಡಿಸಿದ ಎಂದು ಬೀದಿಯವರು ಆಗಲೇ ತೀರ್ಪು ಕೊಟ್ಟಿದ್ದರು.

“ಕುಡಿದಿರ್ಲಿಲ್ಲ ಸಾರ್. ಬ್ರೇಕ್ ಒತ್ತಿದ್ರೂ ಹಿಡೀಲಿಲ್ವಂತೆ. ಲೈಸೆನ್ಸ್ ಹೋದ್ರೆ ನಮ್ಮನೆ ನಡಿಯಲ್ಲ.”

ಇನ್‌ಸ್ಪೆಕ್ಟರ್ ಎಫ್‌ಐಆರ್ ಹಾಕಿಸಿದರು. ಬೀದಿಯವರ ಬಾಯಿಗಂತೂ ಬ್ರೇಕಿಲ್ಲ, ವ್ಯಾನಿಗೂ ಇರಲಿಲ್ಲವೇ ನೋಡಿಯೇಬಿಡೋಣ ಎಂದು ಅವಳನ್ನೂ ಕರೆದುಕೊಂಡು ಹೊರಟರು.

ಪಂಚನಾಮೆ, ವ್ಯಾನನ್ನು ಎಳೆದು ತಂದಿದ್ದ ಮಾಲೀಕನ ಶೆಡ್ಡಿನಲ್ಲಿ. ಮೆಕ್ಯಾನಿಕ್ ಹಾಜರಿದ್ದ. ಅಲ್ಲೇ ಗಾಡಿ ತೊಳೆಯುವ ಕೆಲಸದಲ್ಲಿದ್ದ ಚಾಲಕನ ಅಣ್ಣ ಬಕೆಟ್ ಹಿಡಿದು ನಿಂತಿದ್ದ.

“ಮೊದಲು ಈ ಗಾಡಿ ಓಡಿಸ್ತಿದ್ದಿದ್ದು ನೀವೇ ಅಲ್ವಾ?” ಇನ್‌ಸ್ಪೆಕ್ಟರ್ ಅಣ್ಣನನ್ನು ಕೇಳಿದರು.

“ಹೌದು ಸಾರ್. ಮಾಲೀಕರು ತಮ್ಮನಿಗೆ ಕೊಟ್ಮೇಲೆ ಹೊರಗಿಂದ ತೊಳೆಯೋದಷ್ಟೇ, ಒಳಗೆ ಕೈ ಹಾಕಿಲ್ಲ. ವರ್ಷ ಆಯ್ತು.”

ಬ್ರೇಕ್ ಆಯಿಲಿನ ಡಬ್ಬಿ ಸೀಟಿನ ಕೆಳಗಿತ್ತು. ಜೊತೆಗೆ ಬಂದಿದ್ದ ದಪ್ಪ ಪೇದೆ ಸೀಟಿನ ಲ್ಯಾಚ್ ಎತ್ತಿ ಜಗ್ಗಿದ. ಸೀಟು ಅಲ್ಲಾಡಲಿಲ್ಲ, ಹೊಟ್ಟೆ ಅಲ್ಲಾಡಿತು.

“ಬಿಡಿ ಸಾರ್,” ಎಂದು ಅಣ್ಣ ಮುಂದೆ ಬಂದು ಲ್ಯಾಚನ್ನು ಕೆಳಗೆ ಒತ್ತಿದ. ಸೀಟು ಒಂದೇ ಸಲಕ್ಕೆ ಎದ್ದಿತು.

ಮೆಕ್ಯಾನಿಕ್ ಡಬ್ಬಿಗೆ ಬೆರಳದ್ದಿ ಉಜ್ಜಿ ನೋಡಿದ. “ಇಂಜಿನ್ ಆಯಿಲ್ ಸಾರ್. ಇದು ಸೇರಿದ್ರೆ ಒಳಗಿನ ರಬ್ಬರೆಲ್ಲ ಊದ್ಕೊಳ್ಳುತ್ತೆ, ಬ್ರೇಕ್ ಕೆಲ್ಸ ಮಾಡಲ್ಲ.”

“ಬ್ರೇಕ್ ಆಯಿಲ್ ಕಮ್ಮಿ ಆಗಿದೆ ಅಂತ ಯಾರಾದ್ರೂ ತಿಳೀದೆ ಇದನ್ನ ಹಾಕಿರಬಹುದಾ?” ಎಂದರು ಇನ್‌ಸ್ಪೆಕ್ಟರ್.

“ಕಮ್ಮಿ ಹೇಗಾಗುತ್ತೆ? ಹೋದ ವಾರ ನಾನೇ ಹೊಸ ಬ್ರೇಕ್ ಆಯಿಲ್ ತುಂಬಿ, ಪೈಪಿನ ಗಾಳಿ ತೆಗೆದು ಕೊಟ್ಟಿದ್ದೆ. ಆವತ್ತೇ ಈ ಲ್ಯಾಚ್ ಮುರೀತು. ಸರಿಯಾದ್ದು ಸಿಗದೆ ಬೇರೆ ಗಾಡೀದು ಉಲ್ಟಾ ಕೂರಿಸಿದೆ.” ಅಷ್ಟು ಹೇಳಿ ಅಣ್ಣನ ಕಡೆ ತಿರುಗಿದ. “ಒತ್ತಬೇಕು ಅಂತ ನಿಂಗೆ ಹೇಗೆ ಗೊತ್ತಾಯ್ತಯ್ಯಾ?”

“ತಮ್ಮ ಹೇಳಿದ್ದ.”

“ನೀವಿಬ್ರೂ ಮಾತು ಬಿಟ್ಟು ವರ್ಷ ಆಯ್ತಲ್ಲ, ಭಾವ,” ಎಂದಳು ಚಾಲಕನ ಹೆಂಡತಿ.

ಅಣ್ಣ ಬಕೆಟ್ ಕೆಳಗಿಟ್ಟ. ಮಧ್ಯಾಹ್ನ ಎರಡೂವರೆಗೆ ದಸ್ತಗಿರಿಯಾಯಿತು.

“ಬ್ರೇಕ್ ಜಾಮಾಗಿ ಗಾಡಿ ಶೆಡ್ಡಲ್ಲೇ ನಿಲ್ಲುತ್ತೆ ಅಂದ್ಕೊಂಡೆ ಸಾರ್,” ಎಂದ ಅಣ್ಣ ಜೀಪಿನಲ್ಲಿ. “ಇವನ ಕೈಲಾಗಲ್ಲ ಅಂತ ಮಾಲೀಕರು ವಾಪಸ್ ನನಗೇ ಕೊಡ್ತಾರೆ ಅಂತ. ಅವನಿಗೆ ಡ್ರೈವಿಂಗ್ ಕಲಿಸಿದ್ದು ನಾನು. ಅವನು ಓಡಿಸಿ ತಂದ ಗಾಡೀನ ನಾನು ತೊಳೀಬೇಕಿತ್ತು.”

ಇನ್‌ಸ್ಪೆಕ್ಟರ್ ಅದನ್ನು ಬರೆದುಕೊಂಡರು.

“ಯಾವ ಕಾಲು ಸಾರ್ ಮುರಿದಿದ್ದು?”

“ಬಲಗಾಲು.”

“ಬ್ರೇಕ್ ಮೇಲಿಂದ ಕಾಲು ತೆಗ್ದಿಲ್ಲ ಅವನು,” ಎಂದ ಅಣ್ಣ. “ಏನೇ ಆದ್ರೂ ತೆಗೀಬೇಡ ಅಂತ ನಾನೇ ಹೇಳ್ಕೊಟ್ಟಿದ್ದೆ.”